ಮರೆಯಿಲ್ಲದ ಬಯಲಿನಲ್ಲಿ ಬೇಟೆ

ಬೇಟೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದಟ್ಟ ಕಾಡು. ತಮಟೆಯ ಸದ್ದು, ನಾಯಿಗಳ ಬೊಗಳಾಟ, ಮರದ ಮೇಲಿನ ಮಚಾನು, ಪೊದೆಯಿಂದ ನುಗ್ಗಿ ಬರುವ ಹಂದಿ ಅಥವಾ ಹುಲಿ. ಕನ್ನಡದ ಕಥೆ ಕಾದಂಬರಿಗಳು ಕಟ್ಟಿಕೊಟ್ಟ ಚಿತ್ರವೂ ಹೆಚ್ಚುಕಡಿಮೆ ಇದೇ. ಮಲೆನಾಡಿನ ಬೇಟೆಯಲ್ಲಿ ಕೆಲವರು ಹಳು ಸೋಯುತ್ತಾರೆ, ಕೋವಿ ಹಿಡಿದವರು ಬಿಲ್ಲಿಗೆ ನಿಲ್ಲುತ್ತಾರೆ. ಪ್ರಾಣಿ ಎಲ್ಲಿಂದ ಬರುತ್ತದೆ ಎಂಬುದೇ ಅಲ್ಲಿನ ಕುತೂಹಲ.

ಆದರೆ ಮರವೂ ಇಲ್ಲದ, ಪೊದೆಯೂ ಇಲ್ಲದ ಬಯಲಿನಲ್ಲಿ ಬೇಟೆಯಾಡುವುದು ಹೇಗೆ? ಅಲ್ಲಿ ಪ್ರಾಣಿ ಎಲ್ಲಿದೆ ಎಂಬುದು ಮೈಲಿ ದೂರದಿಂದಲೇ ಕಾಣುತ್ತದೆ. ಬೇಟೆಗಾರನೂ ಅಷ್ಟೇ ದೂರದಿಂದ ಪ್ರಾಣಿಗೆ ಕಾಣುತ್ತಾನೆ. ಬಯಲಿನ ಜೊತೆಗೆ ಎತ್ತರದ ಬೆಟ್ಟವೂ ಸೇರಿದರೆ ಕುದುರೆ ಹತ್ತುವಂತಿಲ್ಲ, ಗಾಡಿ ಹೋಗುವಂತಿಲ್ಲ. ಉಳಿಯುವುದು ಎರಡು ಕಾಲು ಮಾತ್ರ. ಒಂದು ಕಾಲದಲ್ಲಿ ಬೆಂಗಳೂರು ದಂಡಿನ ಇಂಗ್ಲಿಷ್ ಅಧಿಕಾರಿಗಳು ರಜೆ ಹಾಕಿ ಹುಡುಕಿಕೊಂಡು ಹೋಗುತ್ತಿದ್ದುದು ಇಂಥದೊಂದು ಬೇಟೆಯನ್ನೇ. ಅವರ ಗುರಿ ನೀಲಗಿರಿ ಬೆಟ್ಟದ ನೆತ್ತಿಯ ಮೇಲೆ ಮೇಯುವ ಒಂದು ಪ್ರಾಣಿ. ಅವರು ಅದನ್ನು ‘ಐಬೆಕ್ಸ್’ ಎಂದು ಕರೆದರು. ಅದು ಐಬೆಕ್ಸ್ ಆಗಿರಲಿಲ್ಲ.

ಕಾನೂನಿನ ಪ್ರಕಾರ ಈ ಬೇಟೆ ಇಂದು ಅಪರಾಧ. ಕೋವಿಯಿಂದ ಪಾರಾದ ಆ ಪ್ರಾಣಿಗೆ ಆಮೇಲೆ ಬಂದ ಗಂಡಾಂತರವೇ ಬೇರೆ. ಅದು ಬೆಂಗಳೂರಿನ ಸುತ್ತಲಿನ ಬಯಲುಗಳಿಗೂ ಬಂದಿರುವ ಗಂಡಾಂತರ. ಆದ್ದರಿಂದ ಈ ಹಳೆಯ ಬೇಟೆಯ ಕಥೆಯನ್ನು ಇಂದು ತಿಳಿದುಕೊಳ್ಳಲು ಕಾರಣವಿದೆ.

ದಂಡಿನಿಂದ ಬೆಟ್ಟಕ್ಕೆ

ಬೆಂಗಳೂರಿನ ದಂಡು ಸ್ಥಾಪನೆಯಾದದ್ದು 1809ರಲ್ಲಿ, ಹಲಸೂರಿನ ಆಸುಪಾಸಿನ ಎತ್ತರದ ಬಯಲಿನಲ್ಲಿ. ಮದರಾಸು ಸೇನೆಯ ದೊಡ್ಡ ಠಾಣ್ಯಗಳಲ್ಲಿ ಇದೂ ಒಂದು. ಪರೇಡು ಮೈದಾನ, ಬಂಗಲೆ, ಚರ್ಚುಗಳ ಜೊತೆಯಲ್ಲೇ ಸೈನಿಕರಿಗೆ ಬೇಕಾದ ಕೆಲಸಗಳನ್ನು ಮಾಡುವವರ ಪೇಟೆಗಳೂ ಬೆಳೆದವು. ಹಲಸೂರಿಗೆ ಅಂಟಿಕೊಂಡಂತಿರುವ ಮರ್ಫಿ ಟೌನ್ ಅಂಥದ್ದೊಂದು. ಅದರ ಹಿಂದಿನ ಹೆಸರು ನಾಕ್ಸ್ ಪೇಟೆ. ಬಡವರ ಗುಡಿಸಲುಗಳಿದ್ದ ಜಾಗದಲ್ಲಿ ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ಹೊಸ ಬಡಾವಣೆ ಎದ್ದಿತು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಎಂಜಿನಿಯರ್ ಮರ್ಫಿಯವರ ಹೆಸರು ಅದಕ್ಕೆ ನಿಂತಿತು.

ದಂಡಿನ ಸಾಹೇಬನೊಬ್ಬ ಶಿಕಾರಿಗೆ ಹೊರಟರೆ ಹೋಗುತ್ತಿದ್ದವನು ಅವನೊಬ್ಬನೇ ಅಲ್ಲ. ಅಡಿಗೆಯವನು, ಕುದುರೆ ನೋಡಿಕೊಳ್ಳುವವನು, ಡೇರೆ ಹೊರುವವರು ಎಲ್ಲರೂ ಹೊರಡಬೇಕು. ಒಂದು ಕೋವಿಯ ಹಿಂದೆ ಹತ್ತಾರು ಕೈಗಳು. ಪಯಣ ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಸಾಗಿ ಘಟ್ಟ ಹತ್ತಿ ಊಟಿ ಸೇರಬೇಕು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿಗೆ ಬಂದ ಮೇಲೆ ಅಲ್ಲಿ ಬಂಗಲೆಗಳು ಎದ್ದವು. ಮದರಾಸು ಪ್ರಾಂತದ ಇಂಗ್ಲಿಷರಿಗೆ ಅದು ಬೇಸಿಗೆಯ ಊರಾಯಿತು. ರೈಲು ಕೂನೂರು ಮುಟ್ಟಿದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ಅಲ್ಲಿಯವರೆಗೆ ಬೆಟ್ಟ ಹತ್ತುವುದೇ ಒಂದು ಸಾಹಸ.

ಊಟಿಯ ಸುತ್ತಲಿನ ತಗ್ಗು ದಿಣ್ಣೆಗಳಲ್ಲಿ ಕುದುರೆ ಏರಿ, ನಾಯಿಗಳನ್ನು ಬಿಟ್ಟು ನರಿ ಅಟ್ಟುವ ಆಟವೂ ನಡೆಯುತ್ತಿತ್ತು. ಆದರೆ ನಿಜವಾದ ಬೇಟೆಗಾರ ಎನಿಸಿಕೊಳ್ಳಬೇಕಾದವನು ಇನ್ನೂ ಪಶ್ಚಿಮಕ್ಕೆ ನಡೆಯಬೇಕಿತ್ತು. ಅಲ್ಲಿ ಕುಂದಾ ಬೆಟ್ಟಗಳಿವೆ, ಮುಕುರ್ತಿ ಶಿಖರವಿದೆ. ನೀಲಗಿರಿಯ ಹುಲ್ಲಿನ ಪ್ರಸ್ಥಭೂಮಿ ಅಲ್ಲಿ ಒಮ್ಮೆಗೇ ಮುಗಿದು ಸಾವಿರಾರು ಅಡಿ ಕೆಳಗೆ ಮಲಬಾರಿನ ಕಾಡಿಗೆ ಧುಮುಕುತ್ತದೆ. ಆ ಅಂಚಿನಲ್ಲೇ ಅವರು ಹುಡುಕುತ್ತಿದ್ದ ಪ್ರಾಣಿಯ ವಾಸ.

ಹುಲ್ಲೆಯೋ, ಆಡೋ, ಕುರಿಯೋ?

ಕನ್ನಡದಲ್ಲಿ ನಾವು ಕೊಂಬಿರುವ ಸಾಧು ಪ್ರಾಣಿಗಳನ್ನೆಲ್ಲ ಸಾಮಾನ್ಯವಾಗಿ ಜಿಂಕೆ ಎಂದುಬಿಡುತ್ತೇವೆ. ಆದರೆ ಅವುಗಳಲ್ಲಿ ಎರಡು ಬಗೆ. ಕಡವೆ, ಚುಕ್ಕೆ ಜಿಂಕೆಗಳದ್ದು ಕವಲೊಡೆದ ಕೊಂಬು. ಅದು ಗಂಡುಗಳಿಗೆ ಮಾತ್ರ ಬಂದು, ಉದುರಿ, ಮತ್ತೆ ಹುಟ್ಟುತ್ತದೆ. ಕೃಷ್ಣಮೃಗ, ಚಿಂಕಾರ, ಕೊಂಡುಕುರಿಗಳದ್ದು ಕವಲಿಲ್ಲದ, ಎಂದೂ ಉದುರದ ಕೊಂಬು. ಈ ಎರಡನೆಯ ಗುಂಪಿನವೇ ಹುಲ್ಲೆಗಳು. ಆಡು, ಕುರಿ, ದನಗಳೂ ಇದೇ ದೊಡ್ಡ ಕುಟುಂಬಕ್ಕೆ ಸೇರಿದವು. ಹಿಮಾಲಯದ ಗೊರಲ್, ಯೂರೋಪಿನ ಆಲ್ಪ್ಸ್ ಪರ್ವತದ ಶಾಮ್ವಾ ಮುಂತಾದವು ನೋಡಲು ಅತ್ತ ಹುಲ್ಲೆಯಂತೆಯೂ ಇವೆ, ಇತ್ತ ಆಡಿನಂತೆಯೂ ಇವೆ. ಅವಕ್ಕೆ ‘ಬೆಟ್ಟದ ಹುಲ್ಲೆ’ ಎಂಬ ಹೆಸರು ಬಳಕೆಯಲ್ಲಿದೆ.

ದಕ್ಷಿಣ ಭಾರತದಲ್ಲಿ ಎತ್ತರದ ಬೆಟ್ಟಕ್ಕೆ ಒಗ್ಗಿದ ಇಂಥ ಪ್ರಾಣಿ ಒಂದೇ, ಅದು ನೀಲಗಿರಿ ತಾರ್. ಆಲ್ಪ್ಸ್ ಪರ್ವತದ ಐಬೆಕ್ಸ್ ಬಗ್ಗೆ ಓದಿಕೊಂಡಿದ್ದ ಇಂಗ್ಲಿಷರು ಬೆಟ್ಟದ ಅಂಚಿನಲ್ಲಿ ಹಿಂದಕ್ಕೆ ಬಾಗಿದ ಕೊಂಬಿನ ಪ್ರಾಣಿಯನ್ನು ಕಂಡು ಅದೇ ಹೆಸರಿಟ್ಟರು. ವಿಜ್ಞಾನಿಗಳಿಗೂ ಗೊಂದಲವಿತ್ತು. 1838ರಲ್ಲಿ ಅದಕ್ಕೆ ಮೊದಲ ವೈಜ್ಞಾನಿಕ ಹೆಸರು ಕೊಟ್ಟವನು ಓಗಿಲ್ಬಿ. ಆಮೇಲೆ ಅದನ್ನು ಆಡುಗಳ ಜೊತೆ ಸೇರಿಸಿದರು. ನಂತರ ಹಿಮಾಲಯದ ತಾರ್‌ನ ಬಂಧು ಎಂದರು. 2005ರಲ್ಲಿ ಡಿ.ಎನ್.ಎ. ಪರೀಕ್ಷೆ ನಡೆದಾಗ ಅದು ಆಡುಗಳಿಗಿಂತ ಕುರಿಗಳಿಗೇ ಹತ್ತಿರ ಎಂದು ಗೊತ್ತಾಯಿತು. ಈಗ ಅದಕ್ಕೆ ‘ನೀಲಗಿರಿಟ್ರಾಗಸ್’ ಎಂಬ ಪ್ರತ್ಯೇಕ ಕುಲದ ಹೆಸರಿದೆ.

ಬೆಟ್ಟದ ಜನರಿಗೆ ಈ ತೊಡಕು ಇರಲಿಲ್ಲ. ತಮಿಳಿನಲ್ಲಿ ಅದು ‘ವರೈಯಾಡು’. ವರೈ ಎಂದರೆ ಕಡಿದಾದ ಬೆಟ್ಟ. ಕೊಡಗಿನಲ್ಲಿ ಮಳೆಗಾಲದ ಸುದ್ದಿಗಳಲ್ಲಿ ‘ಬರೆ ಕುಸಿತ’ ಎಂದು ಓದುತ್ತೇವಲ್ಲ, ಆ ‘ಬರೆ’ಯನ್ನು ಈ ಪದ ನೆನಪಿಗೆ ತರುತ್ತದೆ. ಆಡು ಎರಡೂ ಭಾಷೆಗಳಲ್ಲಿ ಆಡೇ. ಸಂಗಂ ಕಾಲದ ತಮಿಳು ಕಾವ್ಯಗಳಲ್ಲೂ ‘ವರುಡೈ’ ಎಂಬ ಹೆಸರಿನಲ್ಲಿ ಈ ಪ್ರಾಣಿ ಬರುತ್ತದೆ.

ಬೆಳೆದ ಗಂಡು ತಾರ್ ಭುಜದ ಬಳಿ ಸುಮಾರು 1 ಮೀಟರ್ ಎತ್ತರ, 80ರಿಂದ 100 ಕಿಲೋ ತೂಕ. ಹೆಣ್ಣಿನ ತೂಕ ಅದರ ಅರ್ಧದಷ್ಟು. ಕೊಂಬು ಇಬ್ಬರಿಗೂ ಉಂಟು. ವಯಸ್ಸಾದಂತೆ ಗಂಡಿನ ಮೈ ಕಪ್ಪಾಗಿ, ಬೆನ್ನ ಮೇಲೆ ಜೀನು ಹಾಕಿದಂತೆ ಬೆಳ್ಳಿ ಬಣ್ಣದ ಮಚ್ಚೆ ಮೂಡುತ್ತದೆ. ಬೇಟೆಗಾರರ ಬಾಯಲ್ಲಿ ಅದು ‘ಸ್ಯಾಡಲ್ ಬ್ಯಾಕ್’. ಅವರು ಬೆಟ್ಟ ಹತ್ತುತ್ತಿದ್ದುದು ಈ ಒಂದು ಮಚ್ಚೆಗಾಗಿ.

ಗಾಳಿ, ಕಣ್ಣು ಮತ್ತು ತಾಳ್ಮೆ

ತಾರ್ ದಿನಚರಿ ಗೊತ್ತಿಲ್ಲದವನಿಗೆ ಈ ಬೇಟೆ ಸಾಧ್ಯವೇ ಇರಲಿಲ್ಲ. ಬೆಳಗಿನ ಜಾವ ಮತ್ತು ಇಳಿಹೊತ್ತಿನಲ್ಲಿ ಹಿಂಡು ಹುಲ್ಲಿನ ಇಳಿಜಾರಿನಲ್ಲಿ ಮೇಯುತ್ತದೆ. ಬಿಸಿಲೇರಿದಂತೆ ಬಂಡೆಗಳ ಮೇಲೆ ಮಲಗಿ ಮೆಲುಕು ಹಾಕುತ್ತದೆ. ಆಗ ಎಲ್ಲವೂ ಮಲಗುವುದಿಲ್ಲ. ಒಂದಾದರೂ, ಬಹುಪಾಲು ಒಂದು ಹಿರಿಯ ಹೆಣ್ಣು, ಎತ್ತರದ ಕಲ್ಲಿನ ಮೇಲೆ ಕಾವಲಿರುತ್ತದೆ. ಅಪಾಯ ಕಂಡರೆ ಸಿಳ್ಳೆಯಂಥ ಸದ್ದು ಹೊರಡಿಸುತ್ತದೆ. ಮರುಕ್ಷಣ ಇಡೀ ಹಿಂಡು ಪ್ರಪಾತದ ಅಂಚಿಗೆ ಓಡುತ್ತದೆ. ಮನುಷ್ಯ ಕಾಲಿಡಲಾಗದ ಬಂಡೆಯ ಗೋಡೆಯೇ ಅದರ ಕೋಟೆ.

ತಾರ್ ಓಟದಲ್ಲಿ ಕೃಷ್ಣಮೃಗಕ್ಕೆ ಸಮನಲ್ಲ. ಅದರ ಬಲವಿರುವುದು ಕಣ್ಣಿನಲ್ಲಿ ಮತ್ತು ಗೊರಸಿನಲ್ಲಿ. ಆದರೆ ಆ ಕಣ್ಣಿಗೂ ಒಂದು ರೂಢಿ ಇದೆ. ಚಿರತೆ, ಕೆನ್ನಾಯಿಗಳು ಸಾಮಾನ್ಯವಾಗಿ ಇಳಿಜಾರಿನ ಕೆಳಗಿನಿಂದ ಬರುತ್ತವೆ. ಹೀಗಾಗಿ ಕಾವಲಿನ ತಾರ್ ಹೆಚ್ಚಾಗಿ ಕೆಳಗಡೆಗೇ ನೋಡುತ್ತಿರುತ್ತದೆ. ಬೇಟೆಗಾರರು ಇದನ್ನು ಕಂಡುಕೊಂಡಿದ್ದರು. ಆದ್ದರಿಂದ ಈ ಬೇಟೆಯ ಮೊದಲ ನಿಯಮ, ಪ್ರಾಣಿಗಿಂತ ಎತ್ತರಕ್ಕೆ ಹೋಗಿ ಮೇಲಿನಿಂದ ಇಳಿದು ಬರುವುದು.

ಹೇಳಲು ಸುಲಭ. ಮಾಡುವುದು ಹೇಗೆ? ಬೆಳಕು ಹರಿಯುವ ಮೊದಲೇ ಡೇರೆ ಬಿಟ್ಟು ಬೆಟ್ಟದ ಏಣು ಸೇರಬೇಕು. ಅಲ್ಲಿ ಮಲಗಿ ದುರ್ಬೀನಿನಿಂದ ಎದುರಿನ ಇಳಿಜಾರುಗಳನ್ನು ಒಂದೊಂದಾಗಿ ಹುಡುಕಬೇಕು. ಕಂದು ಹುಲ್ಲಿನಲ್ಲಿ ಕಂದು ಬಣ್ಣದ ಪ್ರಾಣಿ. ಅಲ್ಲಾಡದಿದ್ದರೆ ಕಲ್ಲೋ ತಾರೋ ತಿಳಿಯುವುದಿಲ್ಲ. ಹಿಂಡು ಕಂಡಿತೆನ್ನಿ, ಕೂಡಲೇ ಹೊರಡುವಂತಿಲ್ಲ. ಅದು ಮೇದು ಮುಗಿಸಿ ಒಂದು ಕಡೆ ಮಲಗುವವರೆಗೆ ಕಾಯಬೇಕು. ಮಲಗಿದ ಮೇಲೆ ಅದರ ಜಾಗವನ್ನು ಸುತ್ತಲಿನ ಗುರುತುಗಳ ಸಹಿತ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ಏಕೆಂದರೆ ಬೆಟ್ಟದ ಹಿಂಬದಿಯಿಂದ ಬಳಸಿಕೊಂಡು ಹೋಗುವ ಎರಡು ಮೂರು ಗಂಟೆ ಹೊತ್ತು ಪ್ರಾಣಿ ಕಣ್ಣಿಗೆ ಕಾಣುವುದಿಲ್ಲ. ಆ ಕಡೆಯಿಂದ ನೋಡಿದರೆ ಬೆಟ್ಟದ ಚಹರೆಯೇ ಬೇರೆ.

ಎರಡನೆಯ ನಿಯಮ ಗಾಳಿಯದು. ಚಿಟಿಕೆ ಒಣಹುಲ್ಲನ್ನು ಮೇಲಿನಿಂದ ಬಿಟ್ಟರೆ ಗಾಳಿ ಎತ್ತ ಬೀಸುತ್ತಿದೆ ಎಂಬುದು ತಿಳಿಯುತ್ತದೆ. ಆದರೆ ಬೆಟ್ಟದಲ್ಲಿ ಗಾಳಿ ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ಬಿಸಿಲು ಏರುವಾಗ ಕಣಿವೆಯ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಣ್ಣಗಾದಾಗ ಕೆಳಕ್ಕೆ ಇಳಿಯುತ್ತದೆ. ಇದು ತಿಳಿದವನು ಹಗಲು ಹೊತ್ತು ಮೇಲಿನಿಂದ ಬರುತ್ತಾನೆ. ಮೇಲಕ್ಕೆ ಹತ್ತುವ ಗಾಳಿ ಅವನ ವಾಸನೆಯನ್ನು ಪ್ರಾಣಿಯಿಂದ ದೂರ ಒಯ್ಯುತ್ತದೆ. ಹೀಗೆ ಪ್ರಾಣಿಯ ಕಣ್ಣಿನ ರೂಢಿ ಮತ್ತು ಬೆಟ್ಟದ ಗಾಳಿಯ ರೂಢಿ ಎರಡೂ ಮೇಲಿನಿಂದ ಬರುವವನ ಪರವಾಗಿದ್ದವು.

ಇಷ್ಟಾದರೂ ಕೊನೆಯ ಇನ್ನೂರು ಮುನ್ನೂರು ಗಜ ಹೊಟ್ಟೆಯ ಮೇಲೆ ತೆವಳಬೇಕು. ಒಂದು ಸಡಿಲ ಕಲ್ಲು ಉರುಳಿದರೆ ದಿನವೆಲ್ಲ ಪಟ್ಟ ಶ್ರಮ ಮಣ್ಣುಪಾಲು. ಪಶ್ಚಿಮದಿಂದ ಮಂಜು ಏಳುವುದೂ ಅಲ್ಲಿ ಸಾಮಾನ್ಯ. ಮಂಜು ಮರೆಯಾಗಿ ಹತ್ತಿರ ಹೋಗಲು ಸಹಾಯ ಮಾಡುತ್ತದೆ, ಎದುರಿಗಿರುವ ಪ್ರಪಾತವನ್ನೂ ಮರೆಮಾಡುತ್ತದೆ. ಗುಂಡು ತಗುಲಿದ ಪ್ರಾಣಿ ಅಂಚಿನಿಂದ ಉರುಳಿ ಬಿದ್ದರೆ ಮಾಂಸವೂ ಇಲ್ಲ, ಕೊಂಬೂ ಇಲ್ಲ. ವ್ಯರ್ಥವಾಗಿ ಹೋದ ಜೀವಗಳಿಗೆ ಯಾರೂ ಲೆಕ್ಕ ಇಡಲಿಲ್ಲ.

ಇದನ್ನೆಲ್ಲ ಸಾಹೇಬರು ಪುಸ್ತಕಗಳಲ್ಲಿ ಬರೆದರು. ಮದರಾಸು ಸೇನೆಯ ಡಗ್ಲಾಸ್ ಹ್ಯಾಮಿಲ್ಟನ್ ಅವರ ಶಿಕಾರಿ ದಾಖಲೆಗಳು 1892ರಲ್ಲಿಯೂ, ಫ್ಲೆಚರ್ ಅವರ ನೀಲಗಿರಿ ಮತ್ತು ವಯನಾಡಿನ ಬೇಟೆಯ ಪುಸ್ತಕ 1911ರಲ್ಲಿಯೂ ಪ್ರಕಟವಾದವು. ಆದರೆ ಬೆಟ್ಟದ ಜಾಡು ಮೊದಲೇ ಬಲ್ಲವರು ಕುರುಂಬ, ಇರುಳ ಮುಂತಾದ ಜನ. ಎಮ್ಮೆ ಸಾಕುವ ತೋಡರು ಬೇಟೆಯಾಡುವವರಲ್ಲ, ಆದರೆ ಹುಲ್ಲುಗಾವಲಿನ ಮೂಲೆಮೂಲೆಯೂ ಅವರಿಗೆ ಗೊತ್ತು. ಕನ್ನಡಕ್ಕೆ ತೀರಾ ಹತ್ತಿರದ ಮಾತನಾಡುವ ಬಡಗರು ಮೈಸೂರು ಸೀಮೆಯಿಂದ ಹೋಗಿ ನೆಲೆಸಿದವರು ಎಂಬ ಮಾತಿದೆ. ಕೊಂಬು ಗೋಡೆಗೇರಿದ ಮೇಲೆ ಕೆಳಗಿನ ಫಲಕದಲ್ಲಿ ಬರುತ್ತಿದ್ದುದು ಗುಂಡು ಹಾರಿಸಿದವನ ಹೆಸರು. ಪ್ರಾಣಿ ತೋರಿಸಿಕೊಟ್ಟವನ ಹೆಸರಲ್ಲ.

ನಮ್ಮ ಬಯಲಿನ ಬೇಟೆ

ಬಯಲು ಬೇಟೆ ಕನ್ನಡ ನಾಡಿಗೆ ಹೊಸದೇನಲ್ಲ. ಆದರೆ ನಮ್ಮಲ್ಲಿ ಅದರ ರೀತಿ ಬೇರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೇ ಶತಮಾನದ ಆತಕೂರು ಶಾಸನ ಹಂದಿಯೊಡನೆ ಕಾದಾಡಿ ಮಡಿದ ‘ಕಾಳಿ’ ಎಂಬ ನಾಯಿಯನ್ನು ಸ್ಮರಿಸುತ್ತದೆ. ಅದು ನಾಯಿ ಬಿಟ್ಟು ಆಡಿದ ಬೇಟೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ, ಹನ್ನೆರಡನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಬೇಟೆಯೂ ಸೇರಿದೆ. ಪಳಗಿಸಿದ ಸಿವಂಗಿಯನ್ನು ಹುಲ್ಲೆಗಳ ಮೇಲೆ ಬಿಡುವುದು ಅದರಲ್ಲಿ ಒಂದು. ಈ ಸಿವಂಗಿಯೇ ಇಂಗ್ಲಿಷಿನ ಚೀತಾ. ಭಾರತದಲ್ಲಿ ಅದು ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರಲ್ಲಿ ಆಫ್ರಿಕಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಯಿತು.

ದಂಡಿನ ಅಧಿಕಾರಿಗಳು ಮೈಸೂರು ಸೀಮೆಯ ಬಯಲುಗಳಲ್ಲಿ ಕೃಷ್ಣಮೃಗ ಹೊಡೆಯಲು ಹೂಡುತ್ತಿದ್ದ ಉಪಾಯ ಎತ್ತಿನ ಗಾಡಿಯದು. ಹೊಲಗಳ ನಡುವೆ ದಿನವೂ ಗಾಡಿ ಓಡಾಡುವುದನ್ನು ಕಂಡ ಜಿಂಕೆಗಳು ಅದಕ್ಕೆ ಹೆದರುವುದಿಲ್ಲ. ಗಾಡಿಯ ಮರೆಯಲ್ಲಿ ನಡೆಯುತ್ತ, ನೇರವಾಗಿ ಹೋಗದೆ ಸುತ್ತು ಹಾಕುತ್ತ, ಸುತ್ತನ್ನು ಕಿರಿದು ಮಾಡುತ್ತ ಹತ್ತಿರವಾಗುವುದು. ರೈತನ ಮೇಲೆ ಪ್ರಾಣಿಗಿದ್ದ ನಂಬಿಕೆಯನ್ನೇ ಬಳಸಿಕೊಳ್ಳುವ ಬೇಟೆ ಅದು. ನೀಲಗಿರಿಯ ತುದಿಯಲ್ಲಿ ಗಾಡಿಯ ಮರೆ ಇರಲಿಲ್ಲ. ಅದಕ್ಕೇ ತಾರ್ ಬೇಟೆಗೆ ಅಷ್ಟು ಪ್ರತಿಷ್ಠೆ.

ಕೋವಿ ತಾನೇ ಹಾಕಿಕೊಂಡ ಕಡಿವಾಣ

ಹತ್ತೊಂಬತ್ತನೇ ಶತಮಾನದ ಮಧ್ಯಭಾಗದವರೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗಳೇ ಹೆಚ್ಚು. ಒಂದು ಗುಂಡು ತಪ್ಪಿದರೆ ಇನ್ನೊಂದು ತುಂಬುವಷ್ಟರಲ್ಲಿ ಹಿಂಡು ಮಾಯ. ಆಮೇಲೆ ಹಿಂಬದಿಯಿಂದ ತೋಟಾ ತುಂಬುವ ರೈಫಲ್ಲುಗಳು ಬಂದವು. ದೂರವೂ ಹೆಚ್ಚಿತು, ವೇಗವೂ ಹೆಚ್ಚಿತು. ಘಟ್ಟದ ರಸ್ತೆಗಳಾದವು, ಕಾಫಿ, ಟೀ ತೋಟಗಳಾದವು, ಕೋವಿ ಹಿಡಿದವರು ಹೆಚ್ಚಿದರು. ನೀಲಗಿರಿಯಲ್ಲಿ ತಾರ್ ವಿರಳವಾಯಿತು.

ಆಗ ಎಚ್ಚೆತ್ತವರು ಬೇಟೆಗಾರರೇ. ನೀಲಗಿರಿಯ ಶಿಕಾರಿಗಳು ಸಂಘ ಕಟ್ಟಿಕೊಂಡರು. 1879ರಲ್ಲಿ ಮದರಾಸು ಸರ್ಕಾರ ನೀಲಗಿರಿಯ ಬೇಟೆ ಪ್ರಾಣಿಗಳು ಮತ್ತು ಮೀನುಗಳ ರಕ್ಷಣೆಗೆಂದೇ ಕಾಯಿದೆ ತಂದಿತು. ಪರವಾನಗಿ ಬಂತು, ಬೇಟೆ ನಿಷೇಧದ ತಿಂಗಳುಗಳು ಬಂದವು, ಹೆಣ್ಣು ತಾರ್ ಹೊಡೆಯಬಾರದೆಂಬ ನಿರ್ಬಂಧ ಬಂತು. ಇದರ ಹಿಂದೆ ಪ್ರಾಣಿದಯೆಗಿಂತ ಹೆಚ್ಚಾಗಿ ತಮ್ಮ ಆಟ ಉಳಿಯಬೇಕೆಂಬ ಆಸೆ ಇದ್ದಿರಬಹುದು. ಹೊಟ್ಟೆಪಾಡಿಗೆ ಬೇಟೆಯಾಡುತ್ತಿದ್ದ ಬೆಟ್ಟದ ಜನ ಈ ಕಾಯಿದೆಯಿಂದ ಕಳ್ಳಬೇಟೆಗಾರರಾದರು ಎಂಬುದೂ ನಿಜ. ಆದರೂ ತಾರ್ ಸಂತತಿ ಉಳಿದದ್ದರಲ್ಲಿ ಈ ಕಡಿವಾಣಕ್ಕೂ ಪಾಲಿದೆ.

ಸ್ವಾತಂತ್ರ್ಯಾನಂತರವೂ ಇದೇ ಪರಂಪರೆ ಮುಂದುವರಿಯಿತು. ನೀಲಗಿರಿಯ ವಕೀಲ ಇ.ಆರ್.ಸಿ. ದವಿದಾರ್ ಮೊದಲು ಬೇಟೆಗಾರರಾಗಿದ್ದು ಆಮೇಲೆ ವನ್ಯಜೀವಿ ರಕ್ಷಣೆಗೆ ನಿಂತವರು. 1975ರಲ್ಲಿ ಅವರು ನಡೆಸಿದ ಅಧ್ಯಯನ ತಾರ್ ಬಗೆಗಿನ ಮೊದಮೊದಲ ಅಧ್ಯಯನಗಳಲ್ಲಿ ಒಂದು. ಅವರ ನೆನಪಿಗೆ ತಮಿಳುನಾಡು ಸರ್ಕಾರ ಅಕ್ಟೋಬರ್ 7ನ್ನು ನೀಲಗಿರಿ ತಾರ್ ದಿನವೆಂದು ಘೋಷಿಸಿದೆ. ಅದು ಆ ರಾಜ್ಯದ ರಾಜ್ಯಪ್ರಾಣಿಯೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಯಲ್ಲಿ ತಾರ್ ಇದೆ. ಅದನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು.

ಭಯ ಹುಟ್ಟುಗುಣವಲ್ಲ ಎಂಬುದಕ್ಕೂ ತಾರ್ ಸಾಕ್ಷಿ. ಕೇರಳದ ಮುನ್ನಾರ್ ಬಳಿಯ ಇರವಿಕುಲಂ 1975ರಲ್ಲಿ ಅಭಯಾರಣ್ಯವಾಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ರಾಜಮಲೆಯಲ್ಲಿ ತಾರ್‌ಗಳು ರಸ್ತೆಯ ಬದಿಯಲ್ಲೇ, ಪ್ರವಾಸಿಗರಿಂದ ಕೆಲವೇ ಅಡಿ ದೂರದಲ್ಲಿ ಮೇಯುತ್ತವೆ. ಮರಿ ಹಾಕುವ ಕಾಲದಲ್ಲಿ ಮಾತ್ರ ಉದ್ಯಾನವನ್ನು ಪ್ರವಾಸಿಗರಿಗೆ ಮುಚ್ಚುತ್ತಾರೆ. ಹಿಂದೆ ಬೇಟೆಗಾರ ದಿನವಿಡೀ ತೆವಳಿ ಇನ್ನೂರು ಗಜದವರೆಗೆ ತಲುಪುತ್ತಿದ್ದ ಅದೇ ಪ್ರಾಣಿ ಇದು. ಗುಂಡಿನ ಸದ್ದು ಕೇಳದ ತಲೆಮಾರುಗಳು ಕಳೆದಾಗ ಅದು ಮನುಷ್ಯನಿಗೆ ಹೆದರುವುದನ್ನು ಬಿಟ್ಟಿತು.

ಮರ ನೆಟ್ಟು ಕೊಂದದ್ದು

ಕೋವಿ ಸುಮ್ಮನಾದ ಮೇಲೆ ತಾರ್ ನೆಮ್ಮದಿಯಾಗಿರಬೇಕಿತ್ತು. ಹಾಗಾಗಲಿಲ್ಲ. ಅಷ್ಟರಲ್ಲಿ ಬಯಲೇ ಕಿರಿದಾಗಿತ್ತು.

ನೀಲಗಿರಿಯಲ್ಲಿ ನೀಲಗಿರಿ ಮರ ಮೊದಲಿರಲಿಲ್ಲ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ನಾವು ಆ ಹೆಸರಿನಿಂದ ಕರೆಯುವ ಯೂಕಲಿಪ್ಟಸ್ ಆಸ್ಟ್ರೇಲಿಯಾದ್ದು. 1840ರ ದಶಕದಲ್ಲಿ ಅದನ್ನೂ ವ್ಯಾಟಲ್ ಎಂಬ ಅಕೇಶಿಯಾ ಜಾತಿಯನ್ನೂ ಅಲ್ಲಿಗೆ ತಂದರು. ಮೊದಲಿಗೆ ಉದ್ದೇಶ ಸೌದೆ. ಸ್ವಾತಂತ್ರ್ಯಾನಂತರ ಚರ್ಮ ಹದ ಮಾಡುವ ತೊಗಟೆಗೂ ಕಾರ್ಖಾನೆಗಳ ತಿರುಳಿಗೂ ಬೇಡಿಕೆ ಬಂದಾಗ ಹುಲ್ಲುಗಾವಲುಗಳ ಮೇಲೆ ಸಾಲುಸಾಲಾಗಿ ಮರ ಏರಿದವು. ಜಲಾಶಯಗಳು ಕಣಿವೆಗಳನ್ನು ತುಂಬಿದವು. ವ್ಯಾಟಲ್ ನೆಟ್ಟ ಜಾಗದಲ್ಲಿ ನಿಲ್ಲುವ ಮರವಲ್ಲ, ಬೀಜ ಸಿಡಿದು ಪಕ್ಕದ ಹುಲ್ಲಿಗೂ ಹಬ್ಬುತ್ತದೆ. ತಾರ್ ಹುಲ್ಲು ಮೇಯುವ ಪ್ರಾಣಿ. ದೂರ ಕಾಣದ ಮರಗಳ ನಡುವೆ ಅದರ ಕಾವಲು ನಡೆಯುವುದಿಲ್ಲ. ಮರಗಳ ಸಾಲು ಒಂದು ಬೆಟ್ಟದ ಹಿಂಡನ್ನು ಇನ್ನೊಂದರಿಂದ ಬೇರ್ಪಡಿಸಿತು. ಪಳನಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಮೂರರಲ್ಲಿ ಎರಡು ಪಾಲು ನಾಲ್ಕು ದಶಕಗಳಲ್ಲಿ ಇಲ್ಲವಾಯಿತೆಂದು 2018ರ ಒಂದು ಅಧ್ಯಯನ ತೋರಿಸಿದೆ.

ಇದನ್ನೆಲ್ಲ ಮಾಡಿದವರು ದುಷ್ಟರಲ್ಲ. ಹುಲ್ಲಿನ ಬೆಟ್ಟವೆಂದರೆ ಮರ ಕಳೆದುಕೊಂಡ ಬೆಟ್ಟ, ಅಲ್ಲಿ ಮರ ನೆಡುವುದು ಪುಣ್ಯದ ಕೆಲಸ ಎಂದೇ ನಂಬಿದ್ದರು. ಈ ನಂಬಿಕೆ ಸುಳ್ಳೆಂದು ತೋರಿಸಿದ ಸಂಶೋಧನೆಯೊಂದು ಬೆಂಗಳೂರಿನಿಂದಲೇ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನ ಪದರಗಳನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಸುಮಾರು 20 ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲು ವ್ಯಾಪಕವಾಗಿತ್ತು. ಅಂದರೆ ಆ ಬಯಲು ಕಾಡು ಕಡಿದು ಆದದ್ದಲ್ಲ, ಅದು ಮೊದಲಿನಿಂದಲೂ ಬಯಲೇ.

ಈಗ ದಿಕ್ಕು ಬದಲಾಗಿದೆ. ತಮಿಳುನಾಡು ಸರ್ಕಾರ 2022ರ ಡಿಸೆಂಬರಿನಲ್ಲಿ 25.14 ಕೋಟಿ ರೂಪಾಯಿಗಳ ‘ಪ್ರಾಜೆಕ್ಟ್ ನೀಲಗಿರಿ ತಾರ್’ ಪ್ರಕಟಿಸಿತು. ಹುಲ್ಲುಗಾವಲನ್ನು ಮತ್ತೆ ಹುಲ್ಲುಗಾವಲಾಗಿಸುವುದು ಅದರ ಒಂದು ಭಾಗ. 2024ರ ಗಣತಿಯಲ್ಲಿ ಆ ರಾಜ್ಯದಲ್ಲಿ 1,031 ತಾರ್‌ಗಳು ಎಣಿಕೆಗೆ ಸಿಕ್ಕಿದ್ದವು. 2025ರ ಏಪ್ರಿಲ್‌ನಲ್ಲಿ ಕೇರಳದ ಜೊತೆಗೂಡಿ ನಡೆಸಿದ ಗಣತಿಯಲ್ಲಿ ಈ ಸಂಖ್ಯೆ 1,303. ಎರಡೂ ರಾಜ್ಯ ಸೇರಿದರೆ ಎರಡೂವರೆ ಸಾವಿರಕ್ಕೂ ಹೆಚ್ಚು. ಜಗತ್ತಿನಲ್ಲಿರುವ ಕಾಡಿನ ನೀಲಗಿರಿ ತಾರ್‌ಗಳೆಲ್ಲ ಇಷ್ಟೇ.

ಬೆಂಗಳೂರಿಗೇನು ಸಂಬಂಧ?

ಕರ್ನಾಟಕದಲ್ಲಿ ಇಂದು ತಾರ್ ಇಲ್ಲ. ಆದರೆ ಬಯಲುಗಳಿವೆ, ಬಯಲಿನ ಹುಲ್ಲೆಗಳೂ ಇವೆ. ಅವುಗಳಿಗೆ ಬಂದಿರುವ ಕಷ್ಟವೂ ಇದೇ. ನಮ್ಮ ಕಂದಾಯ ದಾಖಲೆಗಳಲ್ಲಿ ‘ಹುಲ್ಲುಬನ್ನಿ ಖರಾಬು’ ಎಂಬ ಮಾತಿದೆ. ಹುಲ್ಲು ಬೆಳೆಯುವ ನೆಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಕೊಂಡು, ಅದನ್ನು ಖರಾಬು ಎಂದೂ ಕರೆಯುವ ಮಾತು ಅದು. ಖರಾಬು ಎಂದ ಮೇಲೆ ಅದನ್ನು ಯಾವುದಕ್ಕಾದರೂ ಕೊಡಬಹುದು. ಮರ ನೆಡಬಹುದು, ಸೈಟು ಮಾಡಬಹುದು, ಕಾರ್ಖಾನೆ ಕಟ್ಟಬಹುದು.

ಕೃಷ್ಣಮೃಗಕ್ಕೆಂದೇ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ಬಹುಪಾಲು ನೀಲಗಿರಿ ತೋಪು. ಬಯಲಿನ ಪ್ರಾಣಿಯ ಹೆಸರಿನ ಅಭಯಾರಣ್ಯದಲ್ಲಿ ಬಯಲಿಗೇ ಅಭಾವ! ಚಳ್ಳಕೆರೆಯ ಬಳಿ ತಲೆಮಾರುಗಳಿಂದ ದನ ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು. ಇದರ ವಿರುದ್ಧ ಅಲ್ಲಿನ ಜನ ಹೋರಾಡಿದರು, ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಒಳ್ಳೆಯ ಸುದ್ದಿಯೂ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ 2016ರಲ್ಲಿ ಚಿಂಕಾರ ಅಭಯಾರಣ್ಯವಾಯಿತು. ಬೆಂಗಳೂರಿನ ಅಂಚಿನಲ್ಲಿ ಉಳಿದಿರುವ ದೊಡ್ಡ ಹುಲ್ಲುಗಾವಲು ಹೆಸರಘಟ್ಟದ್ದು. ಸುಮಾರು 5,678 ಎಕರೆಯ ಆ ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸುವ ಪ್ರಸ್ತಾವಕ್ಕೆ ವರ್ಷಗಳ ಒತ್ತಾಯದ ನಂತರ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿತು.

ದಂಡು ಬಂದಿಳಿದಾಗ ಹಲಸೂರಿನ ಪೂರ್ವಕ್ಕಿದ್ದುದು ಹೊಲ, ತೋಪು, ಬಯಲು. ಇಂದಿನ ಮರ್ಫಿ ಟೌನ್, ಇಂದಿರಾನಗರಗಳಲ್ಲಿ ಅಂಥ ಬಯಲನ್ನು ಮರಳಿ ತರುವುದು ಸಾಧ್ಯವಿಲ್ಲ, ಯಾರೂ ಕೇಳುವುದೂ ಇಲ್ಲ. ಜನರಿಗೆ ಮನೆ ಬೇಕು. ಆದರೆ ಇನ್ನೂ ಉಳಿದಿರುವ ಬಯಲಿಗೆ ಮರ ನೆಡಲು ಹೊರಡುವ ಮೊದಲು, ಅಥವಾ ಅದನ್ನು ಖಾಲಿ ಜಾಗ ಎಂದು ಬರೆದುಬಿಡುವ ಮೊದಲು, ಅಲ್ಲಿ ಈಗ ಯಾರು ಬದುಕುತ್ತಿದ್ದಾರೆ ಎಂದು ನೋಡುವುದು ಸಾಧ್ಯ.

ಹಾಗೆ ನೋಡುವ ವಿದ್ಯೆಯನ್ನು ಆ ಹಳೆಯ ಬೇಟೆ ಕಲಿಸಿತ್ತು. ಇಂದು ತಾರ್ ಗಣತಿಗೆ ಹೋಗುವ ಅರಣ್ಯ ಸಿಬ್ಬಂದಿಯೂ ಬೆಟ್ಟವನ್ನು ಹತ್ತುವುದು ಕಾಲ್ನಡಿಗೆಯಲ್ಲೇ. ಬೆಳಗಿನ ಚಳಿಯಲ್ಲಿ ಏಣು ಸೇರಿ, ದುರ್ಬೀನು ಹಿಡಿದು, ಎದುರಿನ ಇಳಿಜಾರನ್ನು ತಾಳ್ಮೆಯಿಂದ ಹುಡುಕುತ್ತಾರೆ. ಗಂಡೆಷ್ಟು, ಹೆಣ್ಣೆಷ್ಟು, ಮರಿ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಬಂದ ದಾರಿಯಲ್ಲೇ ಇಳಿದು ಹೋಗುತ್ತಾರೆ.